ಕೇಳಿದ್ದಕ್ಕೆ ಉತ್ತರ: ಬೆಳ್ಳಂಬೆಳಗ್ಗೆ ಆಸ್ಕರ್

ಪ್ರಶ್ನೆ: ಪ್ರಶಸ್ತಿ ಸಮಾರಂಭಗಳನ್ನು ಟಿ.ವಿ.ಯಲ್ಲಿ ಗಂಟೆಗಟ್ಟಲೆ ನೋಡ್ತೀರಂತಲ್ಲ ಸಾರ್, ಅಂಥದ್ದೇನಿದೆ ಅದರಲ್ಲಿ? (ಹಾಸನದ ಓದುಗರು)

ಉತ್ತರ: ಸೀರೆ, ಸೂಟು ನೋಡೋಕಲ್ಲ. ಹೆಸರು ಕರೆದ ಮೇಲೆ ಎದ್ದು ಬಂದವರು ಮೈಕಿನ ಮುಂದೆ ಏನು ಮಾಡ್ತಾರೆ ಅನ್ನೋ ಕುತೂಹಲಕ್ಕೆ. 2023ರ ಮಾರ್ಚ್ 13ರ ಬೆಳಗ್ಗೆ, ಲಾಸ್ ಏಂಜಲೀಸ್‌ನಲ್ಲಿ ಇನ್ನೂ ಭಾನುವಾರ ರಾತ್ರಿ. ತೆಲುಗಿನ ‘ಆರ್‌ಆರ್‌ಆರ್’ ಚಿತ್ರದ ಹಾಡು ‘ನಾಟು ನಾಟು’ವಿಗೆ ಆಸ್ಕರ್ ಬಂತು. ನಮ್ಮ ವಿಷ್ಣುವರ್ಧನ್ ಅವರ ‘ಅಪ್ಪಾಜಿ’ಗೆ ಸಂಗೀತ ಕೊಟ್ಟಿದ್ದ ಕೀರವಾಣಿ, ಅಮೆರಿಕದ ಕಾರ್ಪೆಂಟರ್ಸ್ ಅನ್ನೋ ಪಾಪ್ ತಂಡದ ಹಾಡು ಕೇಳ್ತಾ ಬೆಳೆದೆ ಅಂದವರೇ ಅವರ ಧಾಟಿಯಲ್ಲೇ ಕೃತಜ್ಞತೆ ಹಾಡಿಬಿಟ್ಟರು. ಸೊಪ್ಪು ಬಿಡಿಸ್ತಾ ಕೂತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿ ನೋಡಿದಳು. ಪಕ್ಕದಲ್ಲಿದ್ದ ಚಂದ್ರಬೋಸ್ ‘ನಮಸ್ತೆ’ ಅಂದರು, ಅಷ್ಟೇ. ಹಾಡು ಬರೆದವರು ಅವರು ಸ್ವಾಮಿ!

ಪ್ರಶ್ನೆ: ಆಸ್ಕರ್‌ನಲ್ಲಿ ಗೆದ್ದವರ ಮಾತು ಉದ್ದವಾದರೆ ವಾದ್ಯ ನುಡಿಸಿ ಇಳಿಸೋದು ಸರಿಯೇ? (ಶಿರಸಿಯಿಂದ)

ಉತ್ತರ: ಅಲ್ಲಿ ಮಾತಿಗೆ 45 ಸೆಕೆಂಡು ಅಂತ ಲೆಕ್ಕ. ನಮ್ಮ ಸಭೆಗಳಿಗೂ ಬರಲಿ ಅಂತ ಅನಿಸಿದ್ದುಂಟು. ಸ್ವಾಗತ ಭಾಷಣಕ್ಕೇ ಊಟದ ಹೊತ್ತಾಗಿರುತ್ತೆ. ಆದರೆ ಅದೇ ದಿನ ‘ದಿ ಎಲಿಫೆಂಟ್ ವಿಸ್ಪರರ್ಸ್’ ಕಿರು ಸಾಕ್ಷ್ಯಚಿತ್ರ ಗೆದ್ದಾಗ ಸಿಟ್ಟು ಬಂತು. ಬಂಡೀಪುರ ದಾಟಿದರೆ ಮುದುಮಲೈ, ಅಲ್ಲಿನ ತೆಪ್ಪಕ್ಕಾಡು ಆನೆ ಶಿಬಿರದ ಬೊಮ್ಮನ್, ಬೆಳ್ಳಿ ದಂಪತಿ ತಬ್ಬಲಿ ಮರಿಯಾನೆ ಸಾಕಿದ ಕಥೆ. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್ ಮಾತಾಡಿದರು. ನಿರ್ಮಾಪಕಿ ಗುನೀತ್ ಮೊಂಗಾ ಬಾಯಿ ತೆರೆಯುವಷ್ಟರಲ್ಲಿ ವಾದ್ಯ ಶುರು! ಅದೇ ವೇದಿಕೆಯಲ್ಲಿ ‘ಆ್ಯನ್ ಐರಿಷ್ ಗುಡ್‌ಬೈ’ ಕಿರುಚಿತ್ರದ ತಂಡ ತಮ್ಮ ನಟ ಜೇಮ್ಸ್ ಮಾರ್ಟಿನ್‌ಗೆ ಹುಟ್ಟುಹಬ್ಬದ ಹಾಡು ಹಾಡಿತು, ಸಭೆಯೆಲ್ಲ ದನಿಗೂಡಿಸಿತು. ಅದಕ್ಕೆ ಹೊತ್ತಿತ್ತು, ಇರಬೇಕಾದದ್ದೇ. ಗುನೀತ್ ಅವರಿಗೂ ಒಂದರ್ಧ ನಿಮಿಷ ಕೊಟ್ಟಿದ್ದರೆ ಯಾರ ಗಂಟು ಹೋಗ್ತಿತ್ತು? ಹಾಗೆ ನೋಡಿದರೆ 2022ರಲ್ಲಿ ಕಿರು ಸಾಕ್ಷ್ಯಚಿತ್ರ, ಸಂಕಲನ, ಧ್ವನಿ ಸೇರಿ 8 ವಿಭಾಗಗಳ ಪ್ರಶಸ್ತಿಯನ್ನು ನೇರಪ್ರಸಾರಕ್ಕೆ ಮೊದಲೇ ಕೊಟ್ಟು ಮುಗಿಸಿದ್ದರು. ಸ್ಟಾರ್‌ಗಳಿಗೆ ಮಾತ್ರ ಗಡಿಯಾರ ನಿಧಾನ.

ಪ್ರಶ್ನೆ: ಕನ್ನಡಕ್ಕೆ ಆಸ್ಕರ್ ಯಾವಾಗ? (ಬಳ್ಳಾರಿಯಿಂದ)

ಉತ್ತರ: ಚಿದಾನಂದ ಎಸ್. ನಾಯ್ಕ್ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಓದುವಾಗ ಮಾಡಿದ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ಗೆ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ಬಂತು. ಹುಂಜ ಕದ್ದ ಅಜ್ಜಿಯ ಜನಪದ ಕಥೆ, ಬರೀ 16 ನಿಮಿಷ. ನೋಡಿದ್ದೀರಾ? ನೋಡಿ ಬನ್ನಿ, ಆಮೇಲೆ ಆಸ್ಕರ್ ವಿಚಾರ ಮಾತಾಡೋಣ.