ಓಮೆಪ್ರಜೋಲ್ ಮಾತ್ರೆಯನ್ನು ಊಟಕ್ಕೆ ಮೊದಲೇ ನುಂಗಬೇಕೇಕೆ?

ಹುಬ್ಬಳ್ಳಿಯಲ್ಲಿ ಗಿರ್ಮಿಟ್, ಮಿರ್ಚಿ ಭಜಿ ಮುಗಿಸಿ, ಎದೆ ಉರಿದ ಮೇಲೆ ಜಠರದ ಆಮ್ಲ ತಗ್ಗಿಸುವ ಈ ಮಾತ್ರೆ ಹುಡುಕುವವರೇ ಹೆಚ್ಚು. ಅದು ತಡವಾಯಿತು.

ಜಠರದ ಕೆಲವು ಜೀವಕೋಶಗಳ ಪೊರೆಯಲ್ಲಿ ಪ್ರೋಟಾನ್ ಪಂಪ್ ಎಂಬ ಕಿಣ್ವವಿದೆ. ಕೋಶಕ್ಕೆ ಶಕ್ತಿ ಒದಗಿಸುವ ಅಣುವಾದ ಎಟಿಪಿಯ ಫಾಸ್ಫೇಟ್ ಅಂಟಿದೊಡನೆ ಅದರ ಆಕಾರ ಬದಲಾಗಿ, ಒಳಮುಖವಾಗಿದ್ದ ಬಾಯಿ ಹೊರಕ್ಕೆ ತೆರೆದು ಪ್ರೋಟಾನನ್ನು, ಅಂದರೆ ಆಮ್ಲವನ್ನು ಆಮ್ಲವಾಗಿಸುವ ಹೈಡ್ರೋಜನ್ ಅಯಾನನ್ನು, ಜಠರದತ್ತ ಬಿಡುತ್ತದೆ. ಬದಲಿಗೆ ಪೊಟ್ಯಾಸಿಯಂ ಅಯಾನು ಬಂದು ಕೂತಾಗ ಫಾಸ್ಫೇಟ್ ಕಳಚುತ್ತದೆ, ಬಾಯಿ ಮತ್ತೆ ಒಳಕ್ಕೆ ತಿರುಗುತ್ತದೆ. ಹೊರಗಡೆ ಪ್ರೋಟಾನ್ ಸಾಂದ್ರತೆ ಕೋಶದೊಳಗಿನದಕ್ಕಿಂತ ಸುಮಾರು 10 ಲಕ್ಷ ಪಟ್ಟು ಹೆಚ್ಚಿರಬಹುದು. ಅದರೆದುರು ತಳ್ಳಬೇಕಲ್ಲ, ಎಟಿಪಿ ಖರ್ಚಾಗುವುದು ಅದಕ್ಕೇ.

ಊಟ ಶುರುವಾದಾಗ ಪಂಪುಗಳು ಚುರುಕಾಗುತ್ತವೆ. ಓಮೆಪ್ರಜೋಲ್ ಆಮ್ಲದಲ್ಲಿಯೇ ಸಕ್ರಿಯಗೊಂಡು, ಕೆಲಸ ಮಾಡುತ್ತಿರುವ ಪಂಪಿಗೆ ಅಂಟಿ ಅದನ್ನು ನಿಲ್ಲಿಸುತ್ತದೆ. ಅರ್ಧ ಗಂಟೆ ಮೊದಲೇ ನುಂಗಿದರೆ ಆ ಹೊತ್ತಿಗೆ ಅದು ರಕ್ತದಲ್ಲಿರುತ್ತದೆ. ಕಟ್ಟಿಬಿದ್ದ ಪಂಪುಗಳ ಜಾಗಕ್ಕೆ ಕೋಶ ಬಹುಮಟ್ಟಿಗೆ ಹೊಸದನ್ನೇ ತಯಾರಿಸಬೇಕು. ರಕ್ತದಿಂದ ಔಷಧ ಮಾಯವಾದ ಮೇಲೂ ಪರಿಣಾಮ ಉಳಿಯುವುದು ಹೀಗಾಗಿ.