ಗ್ಯಾರೇಜು ಕಟ್ಟೆ: ರೀಮ್ಯಾಪ್ ಆದ ಪೋಲೋಗೆ ಯಾವ ಕ್ಲಚ್?

ಪ್ರಶ್ನೆ: ನನ್ನದು 2015ರ ಪೋಲೋ ಜಿಟಿ ಟಿಡಿಐ, 1.5 ಲೀಟರ್ ಡೀಸೆಲ್. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಮ್ ಬದಲಾವಣೆ) ಆದ ಮೇಲೆ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, 320 ಎನ್‌ಎಂ (ನ್ಯೂಟನ್ ಮೀಟರ್) ಎಂದು ಬಲ ಅಳೆಯುವ ಯಂತ್ರದ ಡೈನೋ ಶೀಟಿನಲ್ಲಿದೆ. ಈಗ ನಾಲ್ಕನೇ ಗೇರಿನಲ್ಲಿ ಜೋರಾಗಿ ಒತ್ತಿದರೆ ಆರ್‌ಪಿಎಂ ಮುಳ್ಳು ಜಿಗಿಯುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ‘ಸ್ಟೇಜ್ 3’ ಸಿರಾಮಿಕ್ ಕ್ಲಚ್ ಮತ್ತು ಸಿಂಗಲ್ ಮಾಸ್ (ಒಂದೇ ತುಂಡಿನ) ಫ್ಲೈವೀಲ್, ಅಂದರೆ ಕ್ಲಚ್ ಕಚ್ಚಿಕೊಳ್ಳುವ ಎಂಜಿನ್ ಕಡೆಯ ಭಾರದ ಚಕ್ರ, ಹಾಕಿಸು ಎನ್ನುತ್ತಾರೆ ಸ್ನೇಹಿತರು. ದಿನಾ ವೈಟ್‌ಫೀಲ್ಡಿನಲ್ಲಿ ಆಫೀಸು, ತಿಂಗಳಿಗೊಮ್ಮೆ ಚಾರ್ಮಾಡಿ ಇಳಿದು ಬೆಳ್ತಂಗಡಿಗೆ. ಏನು ಮಾಡಲಿ?
– ಓದುಗರು, ಬೆಂಗಳೂರು

ಉತ್ತರ: ಸಿರಾಮಿಕ್ ಬೇಡ ಮಾರಾಯ್ರೇ. ಫ್ಲೈವೀಲ್ ವಿಷಯ ಮುಂದಿನ ಉತ್ತರದಲ್ಲಿದೆ. ವೈಟ್‌ಫೀಲ್ಡ್ ಟ್ರಾಫಿಕ್ಕಿನಲ್ಲಿ ಅದನ್ನು ಒಂದು ವಾರ ಓಡಿಸಿದರೆ ನೀವೇ ಬಿಚ್ಚಿಸೋಕೆ ಬರುತ್ತೀರಿ.

ನಿಮ್ಮ ಗಾಡಿಗೆ ಕಂಪನಿ ಕೊಟ್ಟದ್ದು 250 ಎನ್‌ಎಂ, ಅದೂ 1500ರಿಂದ 2500 ಆರ್‌ಪಿಎಂ ಒಳಗೆ. ಕ್ಲಚ್ಚನ್ನೂ ಆ ಲೆಕ್ಕಕ್ಕೆ, ಮೇಲೆ ಸ್ವಲ್ಪ ಜಾಸ್ತಿ ಇಟ್ಟು ಮಾಡಿರುತ್ತಾರೆ. ಹೊಸ ಕ್ಲಚ್ ಆಗಿದ್ದರೆ ಆ ಜಾಸ್ತಿಯಲ್ಲೇ ನಿಮ್ಮ 320 ಕೆಲವು ದಿನ ನಡೆಯುತ್ತಿತ್ತೋ ಏನೋ. ಇಷ್ಟು ವರ್ಷ ತೇದ ಪ್ಲೇಟಿಗೆ ಅದು ಸಾಧ್ಯವಿಲ್ಲ. ಬಿಎಚ್‌ಪಿ ಎಷ್ಟು ಏರಿತು ಅಂತ ಎಲ್ಲರೂ ಕೇಳುತ್ತಾರೆ, ಕ್ಲಚ್ಚಿಗೆ ಬೇಕಾದ ಲೆಕ್ಕ ಟಾರ್ಕಿನದು. ಡೀಸೆಲ್ ಟರ್ಬೋದಲ್ಲಿ ಆ ಟಾರ್ಕ್ ಕೆಳಗಿನ ಆರ್‌ಪಿಎಂನಲ್ಲೇ ಒಮ್ಮೆಲೇ ಬರುತ್ತದೆ. ಅದಕ್ಕೇ ನಿಮಗೆ ಮೇಲಿನ ಗೇರಿನಲ್ಲಿ ಸ್ಲಿಪ್ (ಕ್ಲಚ್ ಜಾರುವುದು) ಕಾಣುತ್ತಿರುವುದು.

ದುಡ್ಡು ಬಿಚ್ಚುವ ಮುಂಚೆ ಒಂದು ವಿಷಯ ನೋಡಿಸಿ. ಗೇರ್‌ಬಾಕ್ಸ್ ಇಳಿಸಿದಾಗ ಬೆಲ್ ಹೌಸಿಂಗ್ (ಕ್ಲಚ್ ಕೂತಿರುವ ಕವಚ) ಒಳಗೆ ಬೆರಳಾಡಿಸಿ. ಒಣ ಕಪ್ಪು ಧೂಳು ಬಂದರೆ ಅದು ಸವೆತ. ಬೆರಳಿಗೆ ಜಿಡ್ಡು ಹತ್ತಿದರೆ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ಶಾಫ್ಟಿನ) ಹಿಂದಿನ ಆಯಿಲ್ ಸೀಲ್ ಅಥವಾ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲ್ ಸೋರುತ್ತಿದೆ ಎಂದರ್ಥ. ಅದನ್ನು ಬಿಟ್ಟು ಎಂಥ ದುಬಾರಿ ಪ್ಲೇಟ್ ಹಾಕಿದರೂ ಎಣ್ಣೆ ಕುಡಿದು ಜಾರುತ್ತದೆ.

ಇನ್ನು ಆಯ್ಕೆ. ಕ್ಲಚ್ಚಿನ ಹಿಡಿತ ಹೆಚ್ಚಿಸಲು ಇರುವ ದಾರಿ ಕಡಿಮೆ: ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅದುಮುವ ಪ್ರೆಶರ್ ಪ್ಲೇಟ್ ಇನ್ನೂ ಗಟ್ಟಿಯಾಗಿ ಒತ್ತಬೇಕು, ಇಲ್ಲವೇ ಕ್ಲಚ್ ಪ್ಲೇಟಿನ ಲೈನಿಂಗ್ (ಉಜ್ಜುವ ಪದರ) ಇನ್ನೂ ಚೆನ್ನಾಗಿ ಕಚ್ಚಬೇಕು. ದೊಡ್ಡ ಪ್ಲೇಟ್ ಹಾಕೋಣವೆಂದರೆ ಹೌಸಿಂಗ್ ಒಳಗೆ ಜಾಗ ಬೇಕಲ್ಲ. ಎರಡು ಪ್ಲೇಟಿನ ಕ್ಲಚ್ ನಿಮ್ಮ ಟಾರ್ಕಿಗೆ ಅತಿಯಾಯಿತು. ಸಿರಾಮಿಕ್ ಮಾಡುವುದು ಎರಡನೇ ಕೆಲಸ. ಬಿಸಿ ತಡೆಯುತ್ತದೆ, ಚೆನ್ನಾಗಿ ಹಿಡಿಯುತ್ತದೆ. ಆದರೆ ಅದಕ್ಕೆ ‘ಅರ್ಧ’ ಎಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಮ್ಮ ಸಿಗ್ನಲ್ಲುಗಳಲ್ಲಿ ಗಾಡಿ ನಡೆಯುವುದೇ ಹಾಫ್ ಕ್ಲಚ್ಚಿನಲ್ಲಿ, ಅಲ್ವಾ? ಪ್ರತಿ ಸಲ ಜರ್ಕ್ ಹೊಡೆಯುತ್ತದೆ. ಫ್ಲೈವೀಲಿನ ಮೈಯನ್ನೂ ಬೇಗ ತಿನ್ನುತ್ತದೆ.

ನಿಮಗೆ ನಾನು ಹೇಳುವುದು ಇದು: ಸ್ಪ್ರಿಂಗ್ ಇರುವ ಹಬ್ಬಿನ (ನಡುಭಾಗದ) ಆರ್ಗಾನಿಕ್ ಪ್ಲೇಟ್, ಅಂದರೆ ಮಾಮೂಲಿ ಕಂಪನಿ ಕ್ಲಚ್ಚಿನಂಥ ಲೈನಿಂಗಿನದು, ಅದರ ಜೊತೆ ಗಟ್ಟಿ ಡಯಾಫ್ರಮ್ ಸ್ಪ್ರಿಂಗಿನ ಪ್ರೆಶರ್ ಪ್ಲೇಟ್. ಕಿಟ್ ಎಷ್ಟು ಎನ್‌ಎಂ ತಡೆಯುತ್ತದೆ ಎಂದು ಬರಹದಲ್ಲಿ ಕೇಳಿ. ನಿಮಗೆ 400ರ ಆಸುಪಾಸು ಸಾಕು. ‘ಸ್ಟೇಜ್ 1, 2, 3’ ಎಂಬ ಅಂಕಿಗಳನ್ನು ನಂಬಬೇಡಿ. ಒಬ್ಬನ ಸ್ಟೇಜ್ 2 ಇನ್ನೊಬ್ಬನ ಸ್ಟೇಜ್ 1. ಅದಕ್ಕೊಂದು ಅಳತೆಗೋಲೇ ಇಲ್ಲ. ಇರಲಿ ಬಿಡಿ ಎಂದು 600 ಎನ್‌ಎಂ ಕ್ಲಚ್ ಕೂಡ ತರಬೇಡಿ. ಕ್ಲಚ್ ಜಾರದಿದ್ದರೆ ಏಟು ಗೇರ್‌ಬಾಕ್ಸಿಗೆ, ಡ್ರೈವ್‌ಶಾಫ್ಟಿಗೆ ಬೀಳುತ್ತದೆ. ಕ್ಲಚ್ಚಿಗಿಂತ ಅವು ದುಬಾರಿ.

ಪೆಡಲ್ ಸ್ವಲ್ಪ ಭಾರವಾಗುತ್ತದೆ, ಅದಕ್ಕೆ ಸಿದ್ಧರಿರಿ. ಸಿಗ್ನಲ್ಲಿನಲ್ಲಿ ಪೆಡಲ್ ಒತ್ತಿಕೊಂಡೇ ನಿಲ್ಲುವ ಅಭ್ಯಾಸ ಇದ್ದರೆ ಬಿಡಿ, ನ್ಯೂಟ್ರಲ್‌ಗೆ ಹಾಕಿ. ಆ ಗಟ್ಟಿ ಸ್ಪ್ರಿಂಗಿನ ಭಾರವೆಲ್ಲ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗಿನ ಮೇಲೆ, ಕ್ರ್ಯಾಂಕಿನ ಥ್ರಸ್ಟ್ ಬೇರಿಂಗಿನ ಮೇಲೆ ಕೂರುತ್ತದೆ.

ರೀಮ್ಯಾಪ್ ಮಾಡಿದವರಿಗೂ ಒಂದು ಫೋನ್ ಮಾಡಿ. 2000 ಆರ್‌ಪಿಎಂ ಕೆಳಗೆ ಟಾರ್ಕ್ ನಿಧಾನಕ್ಕೆ ಏರುವಂತೆ ಮ್ಯಾಪ್ ತಿದ್ದಿಸಿ. ಓಡಿಸುವಾಗ ವ್ಯತ್ಯಾಸ ಅಷ್ಟೇನೂ ಗೊತ್ತಾಗುವುದಿಲ್ಲ, ಕ್ಲಚ್ಚಿನ ಆಯಸ್ಸು ಮಾತ್ರ ಹೆಚ್ಚುತ್ತದೆ. ಹಾಗೇ ರೀಮ್ಯಾಪ್ ವಿಷಯ ಇನ್ಶೂರೆನ್ಸಿನವರಿಗೆ ಹೇಳಿದ್ದೀರಾ? ಕ್ಲೇಮ್ ಬಂದಾಗ ತಕರಾರು ಶುರುವಾಗುವುದು ಅಲ್ಲೇ.

ಪ್ರಶ್ನೆ: ಡೀಸೆಲ್ ಗಾಡಿಗೆ ಡ್ಯುಯಲ್ ಮಾಸ್ ತೆಗೆದು ಸಿಂಗಲ್ ಮಾಸ್ ಫ್ಲೈವೀಲ್ ಹಾಕಿದರೆ ಉಳಿತಾಯ ಅಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ಬಿಲ್ಲಿನಲ್ಲಿ ಉಳಿತಾಯವೇ. ಡ್ಯುಯಲ್ ಮಾಸ್ ಫ್ಲೈವೀಲ್ ಅಂದರೆ ಎರಡು ಭಾಗ, ಮಧ್ಯೆ ಸ್ಪ್ರಿಂಗು. ಡೀಸೆಲ್ಲಿನ ಒಂದೊಂದು ಹೊಡೆತದ ನಡುಕವನ್ನೂ ಅದು ನುಂಗುತ್ತದೆ. ತೆಗೆದರೆ ಆ ನಡುಕ ನೇರ ಗೇರ್‌ಬಾಕ್ಸಿಗೆ. ನ್ಯೂಟ್ರಲ್ಲಿನಲ್ಲಿ ನಿಂತಾಗ ಕಟಕಟ ಸದ್ದು, ಕ್ಲಚ್ ಪೆಡಲ್ ಒತ್ತಿದರೆ ನಿಲ್ಲುತ್ತದೆ. ಅದನ್ನು ಕೇಳಿ ಬೇರಿಂಗ್ ಹೋಯಿತೆಂದು ಓಡಿ ಬರುವವರು ಬಹಳ. ರೇಸಿಗೆ ಸರಿ, ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಸುಮ್ನೆ ಬೇಡ. ಹಳೇ ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ ನೋಡಿ. ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಆಟ ಇದ್ದರೆ, ಒಳಗಿನ ಗ್ರೀಸ್ ಹೊರಬಂದಿದ್ದರೆ, ಅಥವಾ ಮೈಮೇಲೆ ನೀಲಿ ಕಲೆಗಳಿದ್ದು ಬಿರುಕು ಬಿಟ್ಟಿದ್ದರೆ ಹೊಸದೇ ಹಾಕಿ.

ಪ್ರಶ್ನೆ: ಹೊಸ ಕ್ಲಚ್ ಹಾಕಿಸಿದೆ. ರನ್ನಿಂಗ್-ಇನ್ ಬೇಕಾ? ನಾಳೆ ಗೋವಾಗೆ ಹೊರಟಿದ್ದೇನೆ.
– ಓದುಗರು, ಹುಬ್ಬಳ್ಳಿ

ಉತ್ತರ: ಬೇಕು. ಕಿಟ್ಟಿನ ಚೀಟಿಯಲ್ಲಿ ಬೇರೆ ಹೇಳಿರದಿದ್ದರೆ 800 ಕಿ.ಮೀ. ಎಂದು ಇಟ್ಟುಕೊಳ್ಳಿ. ಅದೂ ಊರೊಳಗಿನ ಕಿಲೋಮೀಟರ್. ಹೈವೇಯಲ್ಲಿ ಐದನೇ ಗೇರಿಗೆ ಹಾಕಿ ಬಿಟ್ಟರೆ ಕ್ಲಚ್ ಕೆಲಸವನ್ನೇ ಮಾಡುವುದಿಲ್ಲ, ಹೊಸ ಲೈನಿಂಗ್ ಫ್ಲೈವೀಲಿಗೆ ಹೊಂದಿಕೊಳ್ಳುವುದು ಹೇಗೆ? ಗೇರು ಬದಲಿಸುತ್ತಾ, ಪೂರ್ತಿ ಆಕ್ಸಿಲರೇಟರ್ ಒತ್ತದೆ ಓಡಿಸಿ. ಗೋವಾ ಬಸ್ಸಿನಲ್ಲಿ ಹೋಗಿ ಬನ್ನಿ.