ಕಣ್ಣಿನ ರೆಪ್ಪೆ ಬೀಳುವ ಕಾಯಿಲೆಗೆ ಎದೆಯ ಶಸ್ತ್ರಚಿಕಿತ್ಸೆ ಏಕೆ?

ಮದ್ದೂರಿನಲ್ಲಿರುವ ನಿಮ್ಮ ತಂಗಿಗೆ ಮಯಾಸ್ತೇನಿಯಾ ಗ್ರೇವಿಸ್, ಅಂದರೆ ಸ್ನಾಯುಗಳು ಬೇಗ ಸೋತುಹೋಗುವ ಕಾಯಿಲೆ, ಇದೆಯೆಂದು ಗೊತ್ತಾಗಿ, ನರರೋಗ ತಜ್ಞರು ಎದೆಯೊಳಗಿನ ಥೈಮಸ್ ಗ್ರಂಥಿಯನ್ನು ತೆಗೆಸಲು ಹೇಳಿದ್ದಾರೆ, ರೆಪ್ಪೆಗೂ ಎದೆಗೂ ಏನು ಸಂಬಂಧ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಇದೇ ಪ್ರಶ್ನೆ ಹಿಡಿದು ನನ್ನ ಅಕ್ಕನಿಗಾಗಿ ಅಲೆದಿದ್ದೇನೆ.

ಅಕ್ಕ ಬೆಳಗ್ಗೆ ಚೆನ್ನಾಗಿಯೇ ಇರುತ್ತಿದ್ದಳು. ಸಂಜೆಯಾದಂತೆ ಎಡಗಣ್ಣಿನ ರೆಪ್ಪೆ ಜೋತುಬೀಳುತ್ತಿತ್ತು, ಜಡೆ ಹೆಣೆಯುತ್ತಿದ್ದ ಕೈ ಅರ್ಧದಲ್ಲೇ ಇಳಿದುಬಿಡುತ್ತಿತ್ತು, ರಾತ್ರಿ ಮುದ್ದೆಯ ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು. ಕನ್ನಡಕದ ನಂಬರು ಬದಲಿಸುವುದರಲ್ಲೇ ಒಂದು ವರ್ಷ ಕಳೆಯಿತು. ಕೊನೆಗೆ ಒಬ್ಬ ವೈದ್ಯರು ಕೈಗವಸಿನಲ್ಲಿ ಮಂಜುಗಡ್ಡೆ ತುಂಬಿ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟು ತೆಗೆದಾಗ, ಅದು ಮೇಲೆದ್ದು ಕಣ್ಣು ಪೂರ್ತಿ ತೆರೆದುಕೊಂಡಿದ್ದನ್ನು ನಾನು ಎದುರಿಗೇ ಕುಳಿತು ನೋಡಿದೆ.

ಈ ಕಾಯಿಲೆಯಲ್ಲಿ ನರವೂ ಕೆಟ್ಟಿರುವುದಿಲ್ಲ, ಸ್ನಾಯುವೂ ಕೆಟ್ಟಿರುವುದಿಲ್ಲ. ಅವೆರಡೂ ಕೂಡುವ ಜಾಗದಲ್ಲಿ ತೊಂದರೆಯಿರುತ್ತದೆ. ನರದ ತುದಿಯಿಂದ ಬರುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಹಿಡಿದುಕೊಳ್ಳುವ ಗ್ರಾಹಕಗಳು ಸ್ನಾಯುವಿನ ಮೇಲಿರುತ್ತವೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಅವುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ, ಹಾಗಾಗಿ ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ಮುಟ್ಟುವುದಿಲ್ಲ. 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಂಬ ವಿಜ್ಞಾನಿಗಳು ವಿದ್ಯುತ್ ಹಾವುಮೀನಿನಿಂದ ತೆಗೆದ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದಾಗ, ಆ ಮೊಲಗಳು ಈ ರೋಗಿಗಳಂತೆಯೇ ಬಲಗುಂದಿದವು. ಎದೆಮೂಳೆಯ ಹಿಂದಿರುವ ಥೈಮಸ್, ನಿರೋಧಕ ಕಣಗಳು ತಮ್ಮದು ಯಾವುದು, ಪರರದು ಯಾವುದು ಎಂದು ಕಲಿಯುವ ಪಾಠಶಾಲೆ. ಹಲವು ರೋಗಿಗಳಲ್ಲಿ ಆ ಪ್ರತಿಕಾಯಗಳನ್ನು ತಯಾರಿಸುವ ಕಣಗಳು ಈ ಗ್ರಂಥಿಯೊಳಗೇ ಸಿಗುತ್ತವೆ. ಶೇಕಡ 10ರಿಂದ 15ರಷ್ಟು ಜನರಲ್ಲಿ ಅದರಲ್ಲಿ ಗೆಡ್ಡೆಯೂ ಇರುತ್ತದೆ.

1936ರಲ್ಲಿ ಅಮೆರಿಕದ ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲಾಲಾಕ್ ಈ ಕಾಯಿಲೆಯಿದ್ದ ಒಬ್ಬ ಯುವತಿಯ ಥೈಮಸ್ ಗೆಡ್ಡೆಯನ್ನು ತೆಗೆದ ಮೇಲೆ ಆಕೆ ಚೇತರಿಸಿಕೊಂಡಳು. ಆದರೆ ಗೆಡ್ಡೆಯಿಲ್ಲದವರಿಗೂ ಇದು ಬೇಕೇ ಎಂಬ ವಾದ 80 ವರ್ಷ ನಡೆಯಿತು. ಗುಣ ಕಂಡದ್ದು ಶಸ್ತ್ರಚಿಕಿತ್ಸೆಯಿಂದಲೋ ಜೊತೆಗೆ ಕೊಟ್ಟ ಔಷಧದಿಂದಲೋ ಎಂದು ಬೇರ್ಪಡಿಸಿ ಹೇಳಲು ಯಾರಿಗೂ ಆಗಿರಲಿಲ್ಲ. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗೆಡ್ಡೆಯಿಲ್ಲದ, ಪ್ರತಿಕಾಯವಿದ್ದ 126 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸ್ಟೀರಾಯ್ಡ್ ಮಾತ್ರೆಯನ್ನಷ್ಟೇ, ಇನ್ನೊಂದಕ್ಕೆ ಮಾತ್ರೆಯೊಂದಿಗೆ ಶಸ್ತ್ರಚಿಕಿತ್ಸೆಯನ್ನೂ ಕೊಟ್ಟು ಮೂರು ವರ್ಷ ಗಮನಿಸಿದರು. ಥೈಮಸ್ ತೆಗೆಸಿದವರಲ್ಲಿ ಬಲಹೀನತೆ ಕಡಿಮೆಯಿತ್ತು. ದಿನ ಬಿಟ್ಟು ದಿನ ನುಂಗುವ ಮಾತ್ರೆಯ ಸರಾಸರಿ ಪ್ರಮಾಣವೂ 60 ಮಿಲಿಗ್ರಾಂಗೆ ಬದಲಾಗಿ 44 ಇತ್ತು. ಸಕ್ಕರೆ ಕಾಯಿಲೆ, ಮೂಳೆ ಸವೆತ ತರುವ ಔಷಧ ಅಷ್ಟು ಇಳಿಯುವುದೇ ದೊಡ್ಡ ಲಾಭವೆಂದು ನನಗನ್ನಿಸುತ್ತದೆ.

ಆದ್ದರಿಂದ ತಂಗಿಯ ರಕ್ತದಲ್ಲಿ ಯಾವ ಪ್ರತಿಕಾಯ ಸಿಕ್ಕಿದೆ, ಎದೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ಗೆಡ್ಡೆ ಇದೆಯೇ ಎಂದು ಮೊದಲು ಕೇಳಿ. ಗೆಡ್ಡೆಯಿದ್ದರೆ ಸಾಮಾನ್ಯವಾಗಿ ತೆಗೆಸಲೇಬೇಕು. ಮಸ್ಕ್ ಎಂಬ ಬೇರೆ ಪ್ರತಿಕಾಯವಿದ್ದರೆ ಥೈಮಸ್ ತೆಗೆಸಿ ಪ್ರಯೋಜನವಾಗುವುದು ಕಾಣೆ. ಉಸಿರಾಟದ ಸ್ನಾಯುಗಳ ಬಲವನ್ನು ಮೊದಲೇ ಅಳೆದು ಸರಿಪಡಿಸಿಕೊಳ್ಳುತ್ತಾರೆಯೇ, ಬೇಕಾದರೆ ವೆಂಟಿಲೇಟರ್ ಸಿದ್ಧವಿರುತ್ತದೆಯೇ ಎಂದೂ ವಿಚಾರಿಸಿ. ಮನೆಯವರಿಗೆ ಮೊದಲೇ ಹೇಳಿಡಿ, ಫಲ ಕಾಣಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಅಕ್ಕನಿಗೆ ಶಸ್ತ್ರಚಿಕಿತ್ಸೆಯಾದ ಮೊದಲ ಎಂಟು ತಿಂಗಳು ಯಾವ ಬದಲಾವಣೆಯೂ ಕಾಣಲಿಲ್ಲ. ಎರಡನೆಯ ವರ್ಷದ ದೀಪಾವಳಿಯ ಹೊತ್ತಿಗೆ ರಾತ್ರಿಯ ಮುದ್ದೆ ಸಲೀಸಾಗಿ ಇಳಿಯತೊಡಗಿತು.